ಹೆಸರಿನ ಜಾಗದಲ್ಲಿ ತಾನಾಗಿ ಬಂದದ್ದು

ನೆರಳು ಕಂಡೆ, ದನಿ ಕೇಳಿದೆ, ಸತ್ತವರು ಕನಸಿನಲ್ಲಿ ಬಂದು ಏನೋ ಹೇಳಿ ಹೋದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಶಿರಾದ ನಮ್ಮ ಮನೆಯಲ್ಲಿ ಅಜ್ಜಿ ಇಂಥ ಕಥೆ ಶುರುಮಾಡಿದರೆ ನಾನು ಎದ್ದುಹೋಗಿ ಪಾತ್ರೆ ತೊಳೆಯುತ್ತಿದ್ದೆ. ಪಾತ್ರೆ ತೊಳೆಯುವುದು ನನಗೆ ಇಷ್ಟವಾದ ಕೆಲಸವೇನಲ್ಲ, ಆ ಕಥೆಗಳಿಗಿಂತ ವಾಸಿ ಅನ್ನಿಸುತ್ತಿತ್ತು ಅಷ್ಟೆ. ಆಮೇಲೆ ಕಂಪ್ಯೂಟರ್ ಕಲಿತೆ. ಅದು ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾವು ಹಾಕಿದ್ದನ್ನು ಅದು ಕೊಡುತ್ತದೆ, ಹಾಕದೇ ಇದ್ದುದನ್ನು ಕೊಡುವುದಿಲ್ಲ. ಈ ಮಾತನ್ನು ನಾನು ಎಷ್ಟು ಜನಕ್ಕೆ ಎಷ್ಟು ಜಂಬದಿಂದ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಏಳೆಂಟು ವರ್ಷಗಳಿಂದ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಹಟವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ಒಂದು ವಿದ್ಯಾಸಂಸ್ಥೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಮಧುಗಿರಿಯಲ್ಲಿ ಮುಖ್ಯ ಕಚೇರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆಗಳು. ತಾವರೆಕೆರೆಯಲ್ಲೊಂದು, ಐ.ಡಿ.ಹಳ್ಳಿಯಲ್ಲೊಂದು, ಕೊಳಾಲದಲ್ಲೊಂದು, ಹೀಗೆ. ನಾನು ಸೇರಿದಾಗ ಪ್ರತಿಯೊಂದಕ್ಕೂ ಕಾಗದದ ಅರ್ಜಿ ಇತ್ತು. ರಜೆಗೆ ಒಂದು, ವರ್ಗಾವಣೆಗೆ ಒಂದು, ಗುರುತಿನ ಚೀಟಿಗೆ ಒಂದು. ಎಲ್ಲದರಲ್ಲೂ ಹೆಸರು, ತಂದೆ ಹೆಸರು, ತಾಯಿ ಹೆಸರು, ಊರು, ಹುಟ್ಟಿದ ದಿನ ಎಂದು ಅದನ್ನೇ ಬರೆದು ಬರೆದು ಮೇಷ್ಟ್ರುಗಳ ಕೈ ಸೋಲುತ್ತಿತ್ತು. ಬರೆದದ್ದನ್ನು ಓದಿ ನಮ್ಮ ಕಣ್ಣು ಸೋಲುತ್ತಿತ್ತು. ಅದೂ ಅಲ್ಲದೆ ನಮ್ಮಲ್ಲಿ ಮಂಜುನಾಥ ಎನ್ನುವವರು ಕೈಬೆರಳ ಎಣಿಕೆಗೆ ಮೀರಿ ಇದ್ದರು. ಒಬ್ಬ ಮಂಜುನಾಥ ಕೇಳಿದ ರಜೆ ಇನ್ನೊಬ್ಬ ಮಂಜುನಾಥನಿಗೆ ಮಂಜೂರಾಗಿ, ಅವನು ಖುಷಿಯಾಗಿ ಮನೆಯಲ್ಲಿ ಕೂತು, ಕೇಳಿದವನು ಪಾಠ ಮಾಡಿದ್ದೂ ಉಂಟು.

ಇದನ್ನು ಸರಿಮಾಡಿದ್ದು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಲ್ಲ ಶಾಲೆಗಳ ಕಂಪ್ಯೂಟರ್‌ಗಳನ್ನು ಮಧುಗಿರಿಗೆ ಜೋಡಿಸಿಯಾದ ಮೇಲೆ, ಎಲ್ಲ ನೌಕರರ ವಿವರವನ್ನೂ ಒಂದೇ ಕಡೆ ಇಟ್ಟೆವು. ಅದನ್ನು ಡೈರೆಕ್ಟರಿ ಎನ್ನುತ್ತೇವೆ. ಒಬ್ಬೊಬ್ಬರ ದಾಖಲೆಯನ್ನೂ ಎದುರಿಗಿಟ್ಟುಕೊಂಡು ನಾನೇ ಟೈಪ್ ಮಾಡಿದೆ. ಅದಾದ ಮೇಲೆ ಯಾರೇ ಆಗಲಿ ತಮ್ಮ ಪಾಸ್‌ವರ್ಡ್ ಹಾಕಿ ಯಾವ ಅರ್ಜಿಯನ್ನು ತೆರೆದರೂ ಅವರ ವಿವರ ಡೈರೆಕ್ಟರಿಯಿಂದ ತಾನಾಗಿ ಬಂದು ಕಾಲಮ್ಮುಗಳಲ್ಲಿ ಕೂರುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಜಿ ತುಂಬಿರುತ್ತಿತ್ತು. ಆ ಕಾಲಮ್ಮುಗಳಿಗೆ ನಾನು ಬೀಗ ಹಾಕಿದ್ದೆ, ಅಂದರೆ ಅರ್ಜಿಯಲ್ಲಿ ಯಾರೂ ಅವನ್ನು ತಿದ್ದುವಂತಿರಲಿಲ್ಲ. ತಿದ್ದಬೇಕೆಂದರೆ ಡೈರೆಕ್ಟರಿಯಲ್ಲೇ ತಿದ್ದಬೇಕು, ಅದರ ಕೀಲಿ ನನ್ನ ಕೈಯಲ್ಲಿ ಮಾತ್ರ. ಈ ಬೀಗದ ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ.

ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಕೊಳಾಲದ ಶಾಲೆಗೆ ಹೊಸದಾಗಿ ಒಬ್ಬ ವಿಜ್ಞಾನದ ಟೀಚರ್ ಬಂದಳು. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಹೆಸರು ತಿಪ್ಪಮ್ಮ. ಇಪ್ಪತ್ತೈದು ಇಪ್ಪತ್ತಾರರ ಚುರುಕಾದ ಹುಡುಗಿ. ಅವಳು ಕಚೇರಿಗೆ ಬರುವ ಹಿಂದಿನ ದಿನವೇ ಅವಳ ಕೆಲಸದ ಅರ್ಜಿ ನೋಡಿಕೊಂಡು ವಿವರ ಎಲ್ಲ ಡೈರೆಕ್ಟರಿಗೆ ಹಾಕಿಟ್ಟಿದ್ದೆ. ಗುರುತಿನ ಚೀಟಿಯ ಕೆಲಸಕ್ಕೆ ಅವಳು ಮಧುಗಿರಿಗೆ ಬಂದಾಗ ಜೊತೆಯಲ್ಲಿ ತಾಯಿಯೂ ಇದ್ದಳು. ಹನುಮಕ್ಕ ಎಂದು. ತೆಳ್ಳಗಿನ ಹೆಂಗಸು, ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು.

ತಾಯಿ ಯಾಕೆ ಬಂದಿದ್ದಾಳೆಂದು ಮಗಳೇ ನಗುತ್ತಾ ಹೇಳಿದಳು. "ನಾನು ಹೆಸರು ಬದಲಾಯಿಸ್ಕೊಂಡುಬಿಡ್ತೀನಿ ಅಂತ ಕಾವಲಿಗೆ ಬಂದವ್ಳೆ ಮೇಡಂ. ಬಿ.ಎಡ್. ಮಾಡೋವಾಗ ಹುಡುಗ್ರೆಲ್ಲ ಏನ್ ತಿಪ್ಪೆ, ಎಂಗಿದೀಯ ತಿಪ್ಪೆ ಅಂತ ಪ್ರಾಣ ತಿಂದವ್ರೆ. ಇನ್ನ ಸ್ಕೂಲ್ ಮಕ್ಳು ಬುಡ್ತಾವಾ?"

ನಮ್ಮ ಕಡೆಯವರಿಗೆ ಈ ಹೆಸರಿನ ಹಿಂದಿನ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹುಟ್ಟಿದ ಮಕ್ಕಳು ನಿಲ್ಲದೆ ಹೋಗುತ್ತಿದ್ದರೆ, ಆಮೇಲೆ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ನೆರೆಯವರು ಯಾರೋ ಎತ್ತಿಕೊಳ್ಳುತ್ತಾರೆ. ತಾಯಿ ಒಂದು ಸೇರು ತೌಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡು ತರುತ್ತಾಳೆ. ಹೆಣ್ಣಾದರೆ ತಿಪ್ಪಮ್ಮ, ಗಂಡಾದರೆ ತಿಪ್ಪಯ್ಯ ಎಂದು ಹೆಸರಿಡುತ್ತಾರೆ. ಬೇಡದ ವಸ್ತು ಎಂದು ತಿಳಿದು ಸಾವು ಅದರ ತಂಟೆಗೆ ಬರುವುದಿಲ್ಲ ಎನ್ನುವುದು ಲೆಕ್ಕಾಚಾರ.

"ಮೇಡಮ್ಮೋರೇ, ಹೆಸ್ರೊಂದು ಮುಟ್ಬೇಡ್ರಮ್ಮ. ಇನ್ನೇನಾರ ಮಾಡ್ಕಳ್ಳಿ," ಎಂದಳು ಹನುಮಕ್ಕ.

ನಾನು ಸುಮ್ಮನಿರಬಹುದಿತ್ತು. ಹೆಸರು ಬದಲಾಯಿಸಲು ನನ್ನಿಂದ ಆಗುವುದೂ ಇರಲಿಲ್ಲ, ಅದಕ್ಕೆ ಬೇರೆ ಕಾಗದಪತ್ರ ಬೇಕು. ಅಷ್ಟನ್ನು ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮಗಳು ವಿಜ್ಞಾನ ಪಾಠ ಮಾಡುವವಳು, ನೀವು ನೋಡಿದರೆ ತೌಡು ಕೊಟ್ಟು ಸಾವನ್ನು ಯಾಮಾರಿಸಿದೆ ಅನ್ನುತ್ತೀರಿ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಹನುಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ನನ್ನ ಜೊತೆ ಕೆಲಸ ಮಾಡುವ ನಸ್ರೀನ್, ಅವಳೂ ಶಿರಾದಿಂದ ನನ್ನ ಜೊತೆ ದಿನಾ ಬಸ್ಸಿನಲ್ಲಿ ಬರುವವಳು, ಸಾಕು ಬಿಡಕ್ಕ ಎನ್ನುವ ಹಾಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ನೋಡಿಯೂ ನೋಡದ ಹಾಗಿದ್ದೆ.

ಮಾತಾಡುತ್ತಲೇ ತಿಪ್ಪಮ್ಮನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಪಾಸ್‌ವರ್ಡ್ ಹಾಕಿಸಿದೆ. ಗುರುತಿನ ಚೀಟಿಯ ಅರ್ಜಿ ತೆರೆಯಿತು. ನಾನು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ, ಅಭ್ಯಾಸಬಲದಿಂದ ಬಗ್ಗಿ ಪ್ರಿಂಟ್ ಒತ್ತಿದೆ. ತಿಪ್ಪಮ್ಮ ಆಗ ತಾಯಿಯ ಕಡೆ ತಿರುಗಿ ಏನೋ ಸಮಾಧಾನ ಹೇಳುತ್ತಿದ್ದಳು. ಯಂತ್ರದಿಂದ ಹಾಳೆ ಹೊರಗೆ ಬಂತು. ಕೈಗೆತ್ತಿಕೊಂಡೆ.

ಹೆಸರಿನ ಜಾಗದಲ್ಲಿ "ವೆನ್ನೆಲ" ಎಂದಿತ್ತು.

ತಂದೆಯ ಹೆಸರು ತಿಪ್ಪಮ್ಮನ ತಂದೆಯದೇ. ತಾಯಿ, ಹನುಮಕ್ಕ. ಊರೂ ಅದೇ. ಅದರ ಕೆಳಗೆ ಏನೂ ಇರಲಿಲ್ಲ. ಹುಟ್ಟಿದ ದಿನ ಖಾಲಿ, ಓದು ಖಾಲಿ, ಹುದ್ದೆ ಖಾಲಿ, ಫೋನ್ ನಂಬರು ಖಾಲಿ. ಪರದೆಯ ಕಡೆ ನೋಡಿದೆ. ಅಲ್ಲೂ ಹಾಗೇ ಇತ್ತು.

ಈಗ ಯೋಚಿಸಿದರೆ ಆಗಲೇ ನನಗೆ ಮೈ ಜುಮ್ಮೆನ್ನಬೇಕಿತ್ತು. ನನಗೆ ಬಂದದ್ದು ನಗು, ಅದರ ಹಿಂದೆಯೇ ಸಿಟ್ಟು. "ವೆನ್ನೆಲ ಅಂತೆ! ಇದ್ಯಾವ ಐಸ್‌ಕ್ರೀಮಮ್ಮಾ? ನೀನು ತಿಪ್ಪೆ ಬೇಡ ಅಂದಿದ್ದೇ ತಡ, ಕಂಪ್ಯೂಟರೇ ನಿನಗೆ ವೆನಿಲ್ಲಾ ಅಂತ ಹೆಸರಿಟ್ಟುಬಿಡ್ತು ನೋಡು," ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದೆ. ನಸ್ರೀನ್ ನಕ್ಕಳು, ತಿಪ್ಪಮ್ಮನೂ ನಕ್ಕಳು. ಮಂಜುನಾಥರ ಕಾಲದಿಂದ ನನಗೊಂದು ಚಾಳಿ, ತಪ್ಪು ಬಿದ್ದ ಕಾಗದವನ್ನು ಒಂದು ಗಳಿಗೆಯೂ ಮೇಜಿನ ಮೇಲೆ ಇಡುವುದಿಲ್ಲ. ಆ ಹಾಳೆಯನ್ನು ನಾಲ್ಕು ಮಾಡಿ ಹರಿದು ಕಸದ ಬುಟ್ಟಿಗೆ ಹಾಕಿದೆ. ಅರ್ಜಿಯನ್ನು ಮುಚ್ಚಿ ಮತ್ತೆ ತೆರೆದೆ. ಈಗ ತಿಪ್ಪಮ್ಮ ಎಂದೇ ಬಂತು, ಎಲ್ಲ ಕಾಲಮ್ಮೂ ತುಂಬಿತ್ತು. ಪ್ರಿಂಟ್ ತೆಗೆದು ಸಹಿ ಹಾಕಿಸಿದೆ. ಫೋಟೋ ಬೇಕು, ತೆಗೆಸಿಕೊಂಡು ಬಾ ಎಂದು ತಿಪ್ಪಮ್ಮನನ್ನು ಪೇಟೆಗೆ ಕಳಿಸಿದೆ. ತಲೆ ಎತ್ತಿ ನೋಡಿದಾಗ ಬಾಗಿಲ ಬಳಿ ಹನುಮಕ್ಕ ಇರಲಿಲ್ಲ. ಕಿಟಕಿಯಾಚೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ನನ್ನ ಭಾಷಣಕ್ಕೆ ಬೇಸರವಾಗಿದೆ ಎಂದುಕೊಂಡೆ.

ನಾವು ಊಟ ಮುಗಿಸಿ ಬಂದು ಕೂತಮೇಲೆ ಅವಳು ಒಳಗೆ ಬಂದಳು. ಈ ಸಲ ಬಾಗಿಲ ಬಳಿ ನಿಲ್ಲದೆ ನೇರ ಮೇಜಿನ ಹತ್ತಿರ ಬಂದಳು.

"ಆಗ್ಲೆ ಒಂದು ಹೆಸ್ರು ಓದಿದ್ರಲ್ಲಮ್ಮ, ಇನ್ನೊಂದ್ಸಲ ಓದಿ."

"ಅದು ತಪ್ಪು ಬಂದಿತ್ತು ಕಣಮ್ಮ, ಬೇರೆ ತೆಗೆದಿದ್ದೀನಿ," ಎಂದೆ.

"ತಪ್ಪೋ ಸರೀನೋ, ಏನಂತ ಇತ್ತು?"

"ವೆನ್ನೆಲ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಆಮೇಲೆ ಹೇಳಿದ್ದನ್ನು ಅವಳು ಅಳುತ್ತಾ ಹೇಳಲಿಲ್ಲ, ಬಹಳ ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದಳು.

"ಅದು ನನ್ ದೊಡ್ಡ ಪಾಪಮ್ಮ. ಇವ್ಳಿಗಿಂತ ಮುಂಚೆ ಒಂದು ಗಂಡು, ಅದು ಎಂಟು ದಿನಾನೂ ಇರ್ಲಿಲ್ಲ. ಅದ್ಕೂ ಮುಂಚೆ ಹುಟ್ಟಿದ್ದು ಅದು. ನಮ್ಮತ್ತೆ ಆ ಕಡೆ ತೆಲುಗಿನೋರು. ಕೂಸು ಬೆಳ್ದಿಂಗ್ಳಂಗೈತೆ ಅಂತ ಅವ್ರೇ ಇಟ್ಟಿದ್ದು, ವೆನ್ನೆಲ ಅಂತ. ಎರಡು ವರ್ಸ ತುಂಬ್ಲಿಲ್ಲ, ಜ್ವರ ಬಂದು ಹೋಗ್ಬುಡ್ತು. ಇವ್ಳು ಹುಟ್ಟಿದ್ಮ್ಯಾಕೆ ನಮ್ಮತ್ತೆ ನನ್ ಕೈಲಿ ಆಣೆ ಹಾಕ್ಸಿದ್ರು. ಹೋದ ಕೂಸಿನ ಹೆಸ್ರು ಬಾಯ್ಗೆ ತರಬಾರ್ದು, ತಂದ್ರೆ ಅದು ಬಂದು ಇರೋದನ್ನ ಕರ್ಕಂಡೋಗ್ತದೆ ಅಂತ. ಅವತ್ತಿಂದ ಅಂದಿಲ್ಲಮ್ಮ ನಾನು. ಮನ್ಸಲ್ಲೂ ಜೋರಾಗಿ ಅಂದಿಲ್ಲ. ಇವ್ಳಪ್ಪನೂ ಇಲ್ಲ, ನಮ್ಮತ್ತೇನೂ ಇಲ್ಲ ಈಗ. ಈ ಹೆಸ್ರು ಗೊತ್ತಿರೋಳು ನಾನೊಬ್ಳೇ. ಇವತ್ತು ನೀವು ಅಂದ್ರಿ."

ನಸ್ರೀನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಐಸ್‌ಕ್ರೀಮ್ ಎಂದು ನಾನು ನಕ್ಕಿದ್ದು ನನ್ನ ಕಿವಿಯಲ್ಲೇ ಮತ್ತೆ ಕೇಳಿಸಿತು.

"ಆ ಕಾಗ್ದ ಕೊಡ್ರಮ್ಮ," ಎಂದಳು ಹನುಮಕ್ಕ. "ಅದ್ರದ್ದು ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ. ಎಲ್ಲೂ ಬರ್ಸಿರ್ಲಿಲ್ಲ. ನಂಗೆ ಓದಾಕೆ ಬರಲ್ಲ, ಸುಮ್ನೆ ಮಡಿಕ್ಕಂತೀನಿ."

ನಾನು ಕಸದ ಬುಟ್ಟಿಯ ಕಡೆ ತಿರುಗಿದೆ. ಬುಟ್ಟಿ ಖಾಲಿಯಾಗಿತ್ತು. ನಾವು ಊಟಕ್ಕೆ ಹೋದಾಗ ಗುಡಿಸುವ ಮುದ್ದಕ್ಕ ಎಲ್ಲ ಕೋಣೆಯ ಕಸ ಒಟ್ಟುಮಾಡಿ ಕಚೇರಿಯ ಹಿಂದೆ ಬೆಂಕಿ ಹಾಕುತ್ತಾಳೆ, ದಿನಾ ಅದೇ ಹೊತ್ತಿಗೆ. ಓಡಿದೆ. ಹನುಮಕ್ಕನೂ ಹಿಂದೆ ಬಂದಳು. ಅಲ್ಲಿ ಬಿಸಿ ಬೂದಿ ಇತ್ತು, ಅಂಚಿನಲ್ಲಿ ಇನ್ನೂ ಹೊಗೆ ಏಳುತ್ತಿತ್ತು. ನಾನು ಒಂದು ಕಡ್ಡಿ ಹುಡುಕುವಷ್ಟರಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಬರಿಗೈಯನ್ನೇ ಬೂದಿಗೆ ಹಾಕಿಬಿಟ್ಟಿದ್ದಳು. ಸುಟ್ಟುಕೊಳ್ಳುತ್ತೀರಿ, ಬೇಡ ಎಂದು ಎಳೆದರೂ ಕೇಳಲಿಲ್ಲ. ಅರೆಸುಟ್ಟ ಚೂರು ಒಂದೊಂದನ್ನೇ ತೆಗೆದು ನನ್ನ ಕೈಗೆ ಕೊಡುತ್ತಿದ್ದಳು. "ಇದಾ? ಇದಾ ನೋಡ್ರಮ್ಮ?" ಯಾವುದೋ ವರದಿಯ ತುದಿ, ಯಾವುದೋ ಪ್ರಶ್ನೆಪತ್ರಿಕೆಯ ಮೂಲೆ. ಅಲ್ಲ, ಅಲ್ಲ ಎಂದು ನಾನು ಹೇಳುತ್ತಾ ಹೋದೆ. ಎಷ್ಟು ಸಲ ಅಲ್ಲ ಎಂದೆನೋ. ಮುದ್ದಕ್ಕ ಪೊರಕೆ ಹಿಡಿದು ದೂರದಲ್ಲಿ ನಿಂತು, "ನಂಗೇನ್ ಗೊತ್ತಮ್ಮ, ದಿನಾ ಹಾಕೋ ಹಂಗೆ ಹಾಕ್ದೆ," ಎಂದು ಹೇಳುತ್ತಲೇ ಇದ್ದಳು. ಅವಳದೇನೂ ತಪ್ಪಿರಲಿಲ್ಲ.

ತಿಪ್ಪಮ್ಮ ಫೋಟೋ ತೆಗೆಸಿಕೊಂಡು ಬಂದಾಗ ಅವಳ ತಾಯಿ ಮೊಣಕೈವರೆಗೆ ಬೂದಿ ಮಾಡಿಕೊಂಡು ನನ್ನ ಕೋಣೆಯಲ್ಲಿ ಕೂತಿದ್ದಳು. ತನಗೊಬ್ಬ ಅಕ್ಕ ಇದ್ದಳೆಂದು ಅವಳಿಗೆ ಗೊತ್ತಿತ್ತು, ಅವಳ ಹೆಸರು ವೆನ್ನೆಲ ಎಂದು ತಾಯಿಯಿಂದ ಗೊತ್ತಾದದ್ದು ಆವತ್ತೇ. ತಾಯಿಯ ಕೈಯನ್ನು ತನ್ನ ದುಪಟ್ಟಾದಿಂದ ಒರೆಸಿದಳು. ಆಮೇಲೆ ನನ್ನ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಹಾಕಿ ಅರ್ಜಿ ತೆರೆದಳು. ತಿಪ್ಪಮ್ಮ ಎಂದು ಬಂತು. ಮುಚ್ಚಿ ತೆರೆದಳು. ತಿಪ್ಪಮ್ಮ. ಆ ಸಂಜೆ ಅವಳು ಎಷ್ಟು ಸಲ ಮುಚ್ಚಿ ತೆರೆದಳೋ ನಾನು ಎಣಿಸಲಿಲ್ಲ. ಪ್ರತಿ ಸಲವೂ ಹನುಮಕ್ಕ, "ಬಂತಾ?" ಎಂದು ಕೇಳುತ್ತಿದ್ದಳು. ತನ್ನ ಹೆಸರನ್ನೇ ನೋಡಿ ನೋಡಿ ಆ ಹುಡುಗಿ ಇಲ್ಲ ಕಣವ್ವ, ಇಲ್ಲ ಕಣವ್ವ ಎನ್ನುತ್ತಿದ್ದಳು. ಪಾವಗಡದ ಬಸ್ಸು ಎರಡು ಹೋದವು. ಮೂರನೆಯದಕ್ಕೆ ಅವರಿಬ್ಬರನ್ನೂ ನಸ್ರೀನ್ ಹತ್ತಿಸಿ ಬಂದಳು. ಹೆಸರು ಬದಲಾಯಿಸುವ ಮಾತನ್ನು ತಿಪ್ಪಮ್ಮ ಅವತ್ತು ಮತ್ತೆ ಎತ್ತಲಿಲ್ಲ, ಆಮೇಲೂ ಎತ್ತಿಲ್ಲ.

ಇನ್ನು ನನ್ನ ಹುಡುಕಾಟ. ಡೈರೆಕ್ಟರಿಯಲ್ಲಿ ಯಾರು ಯಾವಾಗ ಏನು ತಿದ್ದಿದರು ಎನ್ನುವುದೆಲ್ಲ ದಾಖಲಾಗುತ್ತದೆ. ಅದನ್ನು ಸಾಲು ಸಾಲಾಗಿ ನೋಡಿದೆ. ತಿಪ್ಪಮ್ಮನ ವಿವರವನ್ನು ಒಂದೇ ಸಲ ಹಾಕಲಾಗಿತ್ತು, ಹಾಕಿದವಳು ನಾನು, ಆಮೇಲೆ ಯಾರೂ ಮುಟ್ಟಿರಲಿಲ್ಲ. ವೆನ್ನೆಲ ಎನ್ನುವ ಹೆಸರಿನವರು ನಾಲ್ಕು ತಾಲ್ಲೂಕಿನ ನಮ್ಮ ಶಾಲೆಗಳಲ್ಲಿ ಒಬ್ಬರೂ ಇರಲಿಲ್ಲ, ಯಾವತ್ತೂ ಇದ್ದಿರಲಿಲ್ಲ. ಪ್ರಿಂಟ್ ಆದದ್ದರ ಲೆಕ್ಕದಲ್ಲಿ ಸರಿಯಾದ ಹಾಳೆಗೆ ಮುಂಚೆ, ಆ ಹೊತ್ತಿಗೇ, ಇನ್ನೊಂದು ಹಾಳೆ ಎಂದಿತ್ತು. ಅದರಲ್ಲಿ ಏನಿತ್ತು ಎಂದು ಇರಲಿಲ್ಲ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರೆ, "ಟೆಸ್ಟ್ ಮಾಡೋವಾಗ ನೀವೇ ಏನೋ ಹಾಕಿರ್ತೀರಿ ಮೇಡಂ, ನೀವು ಹಾಕದೇ ಇದ್ದದ್ದು ಬರೋಕೆ ಸಾಧ್ಯವೇ ಇಲ್ಲ," ಎಂದರು. ನನ್ನ ಮಾತನ್ನೇ ನನಗೆ ಹೇಳಿದರು.

ತಿಪ್ಪಮ್ಮನೇ ಏನಾದರೂ ಮಾಡಿದಳೇ ಎಂದೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಲಮ್ಮಿಗೆ ಬೀಗವಿತ್ತು. ಅವಳು ಪಾಸ್‌ವರ್ಡ್ ಬಿಟ್ಟು ಬೇರೆ ಒಂದಕ್ಷರ ಒತ್ತಿದ್ದನ್ನು ನಾನು ಕಾಣಲಿಲ್ಲ, ಅವಳ ಹೆಗಲ ಮೇಲೆಯೇ ಬಗ್ಗಿ ನಿಂತಿದ್ದೆ. ಮೇಲಾಗಿ ಆ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ. ಹಾಗಾದರೆ ನಾನು ಓದಿದ್ದೇ ತಪ್ಪೇ? ನಸ್ರೀನಳನ್ನು ಕೇಳಿದೆ. "ಖುದಾ ಕಸಮ್ ಅಕ್ಕ, ಪರದೆ ಮೇಲೆ ನಾನೂ ನೋಡಿದೆ," ಎಂದಳು. ಅಲ್ಲಿಗೆ ನನ್ನ ಬುದ್ಧಿ ಓಡುವುದು ನಿಂತಿತು.

ಅರ್ಥವಾಗದ ಒಂದು ಸಂಗತಿಯ ಜೊತೆ ಬದುಕುವುದನ್ನು ಹೇಗೋ ಕಲಿತುಕೊಳ್ಳಬಹುದು. ನನಗೆ ತಡೆಯಲಾಗದೆ ಹೋದದ್ದು ಆ ಬೂದಿಯಲ್ಲಿ ಆಡಿದ ಕೈಗಳು. ಮೂರು ತಿಂಗಳಾದ ಮೇಲೆ ಪಾವಗಡದ ಶಾಲೆಗೆ ಏನೋ ರಿಪೇರಿಗೆ ಹೋಗುವುದಿತ್ತು. ಹಿಂದಿನ ದಿನ ಅದೇ ಅರ್ಜಿಯ ಬೀಗವನ್ನು ನಾನೇ ತೆಗೆದೆ. ಹೆಸರಿನ ಜಾಗದಲ್ಲಿ ವೆನ್ನೆಲ ಎಂದು ಟೈಪ್ ಮಾಡಿದೆ, ತಂದೆ, ತಾಯಿ, ಊರು ಹಾಕಿದೆ, ಖಾಲಿ ಇದ್ದದ್ದನ್ನು ಖಾಲಿಯೇ ಬಿಟ್ಟೆ. ಪ್ರಿಂಟ್ ತೆಗೆದೆ. ಅದೇ ಕಾಗದ, ಅದೇ ಅಕ್ಷರ. ಇದು ಅದಲ್ಲ ಎಂದು ನನಗೇ ಹೇಳಲಾಗುತ್ತಿರಲಿಲ್ಲ. ಓದು ಬಾರದವಳಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಮೋಸ ಮಾಡುವ ಉದ್ದೇಶ ಇರಲಿಲ್ಲ, ಅವಳ ಎದೆ ತಣ್ಣಗಾಗಲಿ ಎನ್ನುವುದಷ್ಟೇ ಇತ್ತು. ಅದನ್ನು ನೀವು ಹೇಗೆ ಬೇಕಾದರೂ ತಿಳಿದುಕೊಳ್ಳಿ.

ಶಾಲೆಯ ಕೆಲಸ ಮುಗಿಸಿ, ಆಟೋ ಮಾಡಿಕೊಂಡು ಅವಳ ಹಳ್ಳಿಗೆ ಹೋದೆ. ಹನುಮಕ್ಕ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದು ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು. ನಾನು ಕೊನೆಗೆ ಬ್ಯಾಗಿನಿಂದ ಹಾಳೆ ತೆಗೆದು, "ಅವತ್ತಿನ ಕಾಗದ ಸಿಕ್ಕಿತು ಕಣಮ್ಮ, ಬೇರೆ ಕಾಗದಗಳ ಮಧ್ಯೆ ಸೇರ್ಕೊಂಡುಬಿಟ್ಟಿತ್ತು," ಎಂದೆ.

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಹೆಸ್ರೆಲ್ಲೈತೆ?" ಎಂದಳು. ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ, ಅಷ್ಟು ಸಾಕು, ಎದ್ದು ಹೊರಟುಬಿಡೋಣ ಎನ್ನಿಸಿತು. ಆಮೇಲೆ ಅವಳು ಹಾಳೆಯನ್ನು ತಿರುಗಿಸಿದಳು. ಹಿಂದೆ ನೋಡಿದಳು, ಮತ್ತೆ ಮುಂದೆ ನೋಡಿದಳು, ನಾಲ್ಕೂ ಅಂಚನ್ನು ಮುಟ್ಟಿ ನೋಡಿದಳು.

"ಅದನ್ನ ಹರಿದಾಕಿದ್ರಲ್ಲಮ್ಮ ನೀವು," ಎಂದಳು. "ನಾನು ನೋಡ್ತಿದ್ದೆ. ಇದು ಹರಿದಿಲ್ವಲ್ಲ."

ನಾನು ತಲೆ ತಗ್ಗಿಸಿದೆ. ಅವಳಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹಾಳೆಯನ್ನು ನೀಟಾಗಿ ಮಡಿಸಿ ನನ್ನ ಮಡಿಲಲ್ಲಿಟ್ಟಳು.

"ಇದು ನೀವು ಬರ್ದಿದ್ದು. ನಾನ್ ಕೇಳಿದ್ರೆ ಯಾರಾರ ಬರ್ಕೊಡ್ತಾರೆ, ನನ್ ಮಗ್ಳೇ ಬರ್ಕೊಡ್ತಾಳೆ. ಅದು ತಾನಾಗೇ ಬಂದಿತ್ತಮ್ಮ." ಲೋಟವನ್ನು ನನ್ನ ಕಡೆ ಸರಿಸಿ, "ಮಜ್ಜಿಗೆ ಕುಡೀರಿ," ಎಂದಳು.

ಕುಡಿದೆ. ಆಟೋದವನು ಹಾರನ್ ಮಾಡಿದ, ಎದ್ದು ಬಂದೆ. ಆ ಹಾಳೆ ಈಗಲೂ ನನ್ನ ಬಳಿ ಇದೆ, ಹರಿಯಲು ಕೈ ಬಂದಿಲ್ಲ. ಅವತ್ತು ಆ ಹೆಸರನ್ನು ಅಲ್ಲಿ ಬರೆದವರು ಯಾರೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುತ್ತದೆ ಎನ್ನುವ ನಂಬಿಕೆಯೂ ಇಲ್ಲ. ಹರಿದವಳು ನಾನು.